ಹೆಬ್ಬೆರಳಿಗೆ ಇಳಿದ ಕೇಪು

“ಗುರುಗಳೇ, ಯುಗಾದಿಯ ಮಾರನೆಯ ದಿನ, ಗುರುವಾರ, ಬಿಸಿಲೇರುವ ಮೊದಲೇ ನಾನು ಮೊದಲ ಸಲ ಮನೆ ಬಿಟ್ಟೆ. ಆಗ ಏಳನೆಯ ತರಗತಿ. ಅಲ್ಲಿಂದೀಚೆಗೆ ಎಷ್ಟು ಊರು ಬಿಟ್ಟೆನೋ ನನಗೇ ನೆನಪಿಲ್ಲ. ಹೋದ ಕಡೆಯೆಲ್ಲ ಹೊಸದಾಗಿ ಶುರು ಮಾಡಿದ್ದೇನೆ. ಒಬ್ಬ ಮನುಷ್ಯ ಎಷ್ಟು ಸಲ ಹಾಗೆ ಹೊಸದಾಗಿ ಶುರು ಮಾಡಬಹುದು?”

ಕೇಳಿದವನು ಮುದ್ದವೀರ. ಆಶ್ರಮಕ್ಕೆ ಬಂದು ಎಂಟು ತಿಂಗಳಾಗಿತ್ತು. ಅದಕ್ಕೆ ಮುಂಚೆ ಲಾರಿ ತೊಳೆದಿದ್ದ, ಇಟ್ಟಿಗೆ ಸುಟ್ಟಿದ್ದ, ನಾಟಕದ ಕಂಪನಿಯೊಂದರಲ್ಲಿ ಪರದೆ ಎಳೆದಿದ್ದ. ಇಬ್ಬರು ಗುರುಗಳ ಹತ್ತಿರ ಇದ್ದೂ ಬಂದಿದ್ದ. ಎಲ್ಲಿಯೂ ಜಗಳವಾಡಿ ಹೊರಟವನಲ್ಲ. ಒಂದು ದಿನ ಕಾಲು ತುರಿಸುತ್ತಿತ್ತು, ಹೊರಡುತ್ತಿದ್ದ, ಅಷ್ಟೆ. ಹದಿನೈದು ದಿನದಿಂದ ಮತ್ತೆ ತುರಿಸುತ್ತಿತ್ತು. ಆದರೆ ಈ ಸಲ ಅವನಿಗೊಂದು ವಿಷಯ ತಿಳಿದುಹೋಗಿತ್ತು. ಹಿಂದಿನ ಗುರುಗಳು ಹೇಳಿಕೊಟ್ಟದ್ದು ಒಂದಕ್ಷರವೂ ಒಳಗೆ ಉಳಿದಿರಲಿಲ್ಲ. ಇಲ್ಲಿಂದಲೂ ಹೊರಟರೆ ಮುಂದೆ ಯಾರು ಏನು ತುಂಬಿದರೂ ಸೋರಿಹೋಗುತ್ತದೆಯೇ? ಅದನ್ನು ತಿಳಿದುಕೊಂಡೇ ಹೆಜ್ಜೆ ಎತ್ತಬೇಕೆಂದು ಕೇಳಿದ್ದ.

ಗುರು ಅವನ ಮುಖ ನೋಡಿದರು.

“ಕೋವಿ ಹಿಡಿದಿದ್ದೀಯಾ?”

“ಇಲ್ಲ. ಇದೇನು, ಗುರುಗಳ ಬಾಯಲ್ಲಿ ಕೋವಿಯ ಮಾತು?”

“ಇಲ್ಲಿಗೆ ಬರುವ ಮುಂಚೆ ಇದೇ ಬಾಯಿ ಹಂದಿಯ ಮಾಂಸವನ್ನೂ ತಿಂದಿದೆ. ಕೂತುಕೋ.”

ಮುದ್ದವೀರ ಕೂತ. ಗುರು ಹೇಳತೊಡಗಿದರು.

ಕಾಡಿನ ಅಂಚಿನ ಸಂತೆಯೊಂದರಲ್ಲಿ ತೋಟಾ ತುಂಬುವವನೊಬ್ಬ ಇದ್ದ. ಈಡು ಹೊಡೆದ ಮೇಲೆ ಕೋವಿಯಲ್ಲಿ ಖಾಲಿ ತೋಟಾ ಉಳಿಯುತ್ತದಲ್ಲ, ಅದನ್ನು ಆ ಸೀಮೆಯಲ್ಲಿ ಯಾರೂ ಎಸೆಯುತ್ತಿರಲಿಲ್ಲ. ಅವನ ಹತ್ತಿರ ತರುತ್ತಿದ್ದರು. ಅವನು ಬುಡದ ಹಳೆಯ ಕೇಪು ಕಿತ್ತು ಹೊಸ ಕೇಪು ಕೂರಿಸುತ್ತಿದ್ದ. ಕೋವಿಯ ಕುದುರೆ ಎಳೆದಾಗ ಮೊದಲು ಕಿಡಿ ಕಾರುವುದು ಆ ಕೇಪು. ಆಮೇಲೆ ಮದ್ದು, ಅದರ ಮೇಲೊಂದು ಬಿರಡೆ, ಮೇಲೆ ಚರೆ ಎಂಬ ಸೀಸದ ಸಣ್ಣ ಗುಂಡುಗಳು. ಬಾಯಿ ಮಡಿಚಿದರೆ ಸತ್ತ ತೋಟಾ ಮತ್ತೆ ಜೀವ ಹಿಡಿಯುತ್ತಿತ್ತು.

ಖಾಲಿ ತೋಟಾಗಳಲ್ಲೂ ಜಾತಿಗಳುಂಟು. ಕಾಗದದ್ದು, ಪ್ಲಾಸ್ಟಿಕ್ಕಿನದು, ಹಿತ್ತಾಳೆಯದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ನಳಿಗೆಗೆ ಕೂರುತ್ತವೆ. ಒಳಗೆ ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಹಿತ್ತಾಳೆಯ ಗೋಡೆ ತೆಳು, ಜಾಗ ಹೆಚ್ಚು. ಪ್ಲಾಸ್ಟಿಕ್ಕಿನಲ್ಲಿಯೂ ಒಂದರ ಬುಡ ದಪ್ಪ, ಇನ್ನೊಂದರದು ತೆಳು. ಇದರ ಅಳತೆಯ ಮದ್ದನ್ನು ಅದಕ್ಕೆ ಸುರಿದರೆ ಒಂದೋ ಬಾಯಿ ಮುಚ್ಚುವುದಿಲ್ಲ, ಇಲ್ಲವೇ ನಳಿಗೆಯೇ ಸೀಳುತ್ತದೆ. ಅದಕ್ಕೇ ಅವನು ಜಾತಿಗೊಂದು ಚಮಚ ಇಟ್ಟುಕೊಂಡಿದ್ದ. ಆ ಚಮಚಗಳನ್ನು ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ.

ಒಂದು ಸಂತೆಯ ದಿನ ಒಬ್ಬ ರೈತ ಬಂದ. ಅವನ ಭತ್ತ ಹಾಲುಗಟ್ಟಿ ನಿಂತಿತ್ತು. ಹಂದಿಗಳು ಆಗಲೇ ಗದ್ದೆಯ ಒಂದು ಮೂಲೆಯನ್ನು ಉಂಡು ಹೋಗಿದ್ದವು. ಉಳಿದದ್ದನ್ನು ಕಾಯದಿದ್ದರೆ ಮನೆಯಲ್ಲಿ ಆ ವರ್ಷ ಅನ್ನವಿಲ್ಲ. ಅವನು ಚೀಲ ಬೋರಲು ಹಾಕಿದ. ಇಪ್ಪತ್ತು ಖಾಲಿ ತೋಟಾ ಉರುಳಿದವು. ಎಂಟು ಹಿತ್ತಾಳೆಯವು, ಅಜ್ಜನ ಕಾಲದವು. ಹುಣಸೆಹಣ್ಣು ಹಾಕಿ ತಿಕ್ಕಿ ತಂದಿದ್ದ; ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಉಳಿದವೆಲ್ಲ ಪ್ಲಾಸ್ಟಿಕ್ಕಿನವು. ಅವುಗಳ ಬಾಯಿ ಸೀಳಿ ಜುಂಜಾಗಿತ್ತು.

ತೋಟಾ ತುಂಬುವವನು ಒಂದೊಂದನ್ನೂ ತಲೆಕೆಳಗು ಹಿಡಿದ. ಬುಡದ ತೂತಿನ ಮೇಲೆ ಹೊಸ ಕೇಪು ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಪ್ಲಾಸ್ಟಿಕ್ಕಿನವುಗಳಲ್ಲಿ ಒಂದರಲ್ಲೂ ಕೇಪು ಬೆರಳಿಗೆ ಬಗ್ಗಲಿಲ್ಲ. ಅವನ್ನು ಬಲಕ್ಕೆ ಇಟ್ಟ. ಹಿತ್ತಾಳೆಯಲ್ಲಿ ಮೂರು ಬಗ್ಗಲಿಲ್ಲ, ಅವೂ ಬಲಕ್ಕೆ ಬಂದವು. ಐದರಲ್ಲಿ ಕೇಪು ತಾನಾಗಿಯೇ ಒಳಗೆ ಹೋಗಿ ಕೂತಿತು. ಆ ಐದನ್ನು ಬುಟ್ಟಿಗೆ ಎಸೆದ.

ರೈತನಿಗೆ ರೇಗಿತು. “ಏನಯ್ಯಾ, ಕಣ್ಣಿಗೆ ಪೊರೆ ಬಂತಾ? ಹರಕಲನ್ನೆಲ್ಲ ಇಟ್ಟುಕೊಂಡೆ, ಬಂಗಾರದಂಥದ್ದನ್ನು ಬಿಸಾಡಿದೆ!”

“ಹರಿದ ಬಾಯಿಯನ್ನು ಬೆರಳಗಲ ಕತ್ತರಿಸಿ ಹೊಸದಾಗಿ ಮಡಿಸುತ್ತೇನೆ. ಚರೆ ಹತ್ತು ಕಡಿಮೆ ಹಿಡಿದೀತು, ಸಿಡಿಯುವುದಂತೂ ಸಿಡಿಯುತ್ತೆ. ಇದು ಹಾಗಲ್ಲ ಮಾರಾಯ. ಬುಡದ ಹಿಡಿತವೇ ಹೋಗಿದೆ. ಬೆಂಕಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬರುತ್ತೆ. ಹಿಂದೆ ಇರುವುದು ಹಂದಿಯಲ್ಲ, ನೀನು.”

“ಎಷ್ಟು ಸಲ ತುಂಬಿದ್ದಕ್ಕೆ ಹೋಯಿತು? ಲೆಕ್ಕ ಹೇಳು ನೋಡೋಣ.”

“ಲೆಕ್ಕ ಇಡುವವನು ನಾನಲ್ಲ. ಕೆಲವು ನಾಲ್ಕೇ ಸಲಕ್ಕೆ ಮುಗಿಯುತ್ತವೆ, ಕೆಲವು ನಲವತ್ತಕ್ಕೂ ಜಗ್ಗುವುದಿಲ್ಲ. ಕೇಪು ನನ್ನ ಬೆರಳಿಗೆ ಅಡ್ಡ ನಿಂತರೆ ತುಂಬುತ್ತೇನೆ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಎಸೆಯುತ್ತೇನೆ. ನನಗೆ ಗೊತ್ತಿರುವುದು ಇಷ್ಟೆ.”

ರೈತ ಹದಿನೈದು ತುಂಬಿಸಿಕೊಂಡ. ಹೊರಡುವಾಗ ಬುಟ್ಟಿಗೆ ಕೈಹಾಕಿ ಆ ಐದನ್ನೂ ಜೇಬಿಗಿಳಿಸಿದ. ಅಜ್ಜನ ಸೊತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ. ಮನೆಯಲ್ಲಿ ಒಂದಿಷ್ಟು ಮದ್ದು ಚರೆ ಇತ್ತು, ಕೇಪೂ ಇತ್ತು. ಸಡಿಲ ತೂತಿಗೆ ಅವನೇ ಒಂದು ಉಪಾಯ ಹುಡುಕಿದ. ಬೀಡಿ ಕಟ್ಟಿನ ತೆಳು ಕಾಗದವನ್ನು ಹರಿದು ಕೇಪಿಗೆ ಒಂದು ಸುತ್ತು ಸುತ್ತಿದ. ಒತ್ತಿದ. ಬಿಗಿಯಾಗಿ ಕೂತಿತು.

“ನೋಡಿದೆಯಾ? ಇಷ್ಟಕ್ಕೆ ಅವನು ಅಷ್ಟೊಂದು ಪುರಾಣ ಹೇಳಿದ,” ಎಂದು ಹೆಂಡತಿಗೆ ತೋರಿಸಿದ.

“ದಿನಾ ಅದನ್ನೇ ಮಾಡುವವನಿಗಿಂತ ನೀವು ಬುದ್ಧಿವಂತರು,” ಎಂದಳು ಅವಳು.

ಬೆಳಗಿನ ಜಾವ ಹಂದಿಗಳು ಗದ್ದೆಗಿಳಿದವು. ರೈತ ಜೋಡುನಳಿಗೆಯ ಕೋವಿಯ ಬಲಕ್ಕೆ ಆ ಐದರಲ್ಲೊಂದು ಹಿತ್ತಾಳೆಯ ತೋಟಾ ತುಂಬಿದ್ದ, ಎಡಕ್ಕೆ ಹರಕಲು. ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿ ಬಲದ ಕುದುರೆ ಎಳೆದ. ಕಾಗದ ಕಾಗದವೇ. ಕೇಪು ಹಿಂದಕ್ಕೆ ಚಿಮ್ಮಿತು, ಸಂದಿನಿಂದ ಬೆಂಕಿ ಬಂದು ಬಲಗಣ್ಣಿಗೆ ಬಡಿಯಿತು. ಹಂದಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವನು ಕೋವಿ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಎಡದ ಕುದುರೆ ಎಳೆದ. ಹರಕಲು ತೋಟಾ ಗುಡ್ಡ ಮಾರ್ದನಿಸುವ ಹಾಗೆ ಸಿಡಿಯಿತು. ಹಂದಿಗಳು ಕಾಡು ಸೇರಿದವು.

ಭತ್ತ ಉಳಿಯಿತು. ಕಣ್ಣು ಉಳಿಯಲಿಲ್ಲ.

ಮುಂದಿನ ಸಂತೆಗೆ ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬಂದ. ಆ ಐದರಲ್ಲಿ ಉಳಿದ ನಾಲ್ಕು ಹಿತ್ತಾಳೆ ತೋಟಾಗಳನ್ನು ತಾನೇ ಬುಟ್ಟಿಗೆ ಹಾಕಿದ.  ತೋಟಾ ತುಂಬುವವನು ಅವನು ತಂದಿದ್ದ ಹರಕಲುಗಳನ್ನು ಎತ್ತಿಕೊಂಡು ಮತ್ತೆ ಒಂದೊಂದರ ಬುಡಕ್ಕೂ ಹೆಬ್ಬೆರಳು ಒತ್ತತೊಡಗಿದ.

ಗುರು ಇಲ್ಲಿಗೆ ನಿಲ್ಲಿಸಿದರು.

ಮುದ್ದವೀರನ ಮುಖ ಅರಳಿತು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

“ಹಾಗಾದರೆ ಲೆಕ್ಕವೇ ಇಲ್ಲವೆಂದಾಯಿತು! ನಾಲ್ಕೂ ಆಗಬಹುದು, ನಲವತ್ತೂ ಆಗಬಹುದು. ನಾನು ಸುಮ್ಮನೆ ಹೆದರಿದ್ದೆ ಗುರುಗಳೇ. ಊರೂರು ಅಲೆದು ನನ್ನ ಬಾಯಿ ಕೊಂಚ ಹರಿದಿದೆ, ಅಷ್ಟೆ. ಕತ್ತರಿಸಿ ಮಡಿಸಿದರಾಯಿತು.”



ಅವನು ಎದ್ದ. ಹಗ್ಗದ ಮೇಲಿನ ಪಂಚೆ ಇನ್ನೂ ಹಸಿಯಾಗಿತ್ತು, ಹಾಗೆಯೇ ಮಡಿಚಿದ. ಲೋಟ, ಕಂಬಳಿ, ಕ್ಷೌರದ ಕತ್ತಿ. ಎಂಟು ತಿಂಗಳ ಸಂಸಾರ ಒಂದು ಗಂಟಿನೊಳಗೆ ಕೂತಿತು. ಅಡುಗೆಯ ಅಜ್ಜಿ ಬಾಗಿಲಿಗೆ ಬಂದು, “ಅನ್ನ ಬೇಯ್ತಾ ಇದೆ ಕಣೋ, ಉಂಡಾದರೂ ಹೋಗು,” ಎಂದಳು. “ದಾರಿಯಲ್ಲಾಯಿತು ಬಿಡಜ್ಜಿ,” ಎಂದು ನಕ್ಕ. ಅವನು ನೆಟ್ಟಿದ್ದ ಹೀರೆಯ ಬಳ್ಳಿ ಚಪ್ಪರಕ್ಕೆ ಹತ್ತಿ ಆ ಬೆಳಿಗ್ಗೆಯೇ ಮೊದಲ ಹೂ ಬಿಟ್ಟಿತ್ತು. ಅದರ ಪಕ್ಕದಲ್ಲೇ ದಾಟಿಕೊಂಡು ಬಂದು ಗುರುವಿನ ಕಾಲು ಮುಟ್ಟಿದ.

“ಅಪ್ಪಣೆ ಕೊಡಿ. ಹೊರಟೆ.”

ಗುರು ಕೇಳಿದರು: “ಹೊರಡುವಾಗ ಈ ಸಲ ಒಳಗೆ ಏನಾದರೂ ಅಡ್ಡ ನಿಂತಿತೇನಪ್ಪಾ?”

ಮುದ್ದವೀರ ಗಂಟು ಹಿಡಿದುಕೊಂಡೇ ಚಪ್ಪರದ ಕಡೆ ತಿರುಗಿ, ಮೊದಲ ಸಲ ಆ ಹೂವನ್ನು ನೋಡಿದ.