ಹೊಸ ತಂತ್ರಾಂಶ ಬರೆದ ಸೊನ್ನೆ

ನಡುಗಡ್ಡೆಯ ಗಾಳಿಮಾಪಕದಿಂದ ಸುದ್ದಿ ಬಾರದಾಗ, ಬಂದರಿನ ಹವಾಮಾನ ಕೇಂದ್ರದ ಹಳೆಯ ತಂತ್ರಾಂಶ ಫಲಕದ ಮೇಲೆ ‘ತಿಳಿಯದು’ ಎಂದು ಬರೆಯುತ್ತಿತ್ತು. ಇದು ಅವಮಾನವೆಂದು ಅಧಿಕಾರಿಗಳು ಅದನ್ನು ಮೂಲೆಗೆ ತಳ್ಳಿ ಹೊಸದನ್ನು ತಂದರು.

ಒಂದು ಬೆಳಿಗ್ಗೆ ನಡುಗಡ್ಡೆಯ ಬಳಿ ಎದ್ದ ಬಿರುಗಾಳಿಗೆ ಮಾಪಕವೇ ಮುರಿಯಿತು; ಬಂದರಿಗೆ ಆ ಗಾಳಿ ಇನ್ನೂ ತಲುಪಿರಲಿಲ್ಲ. ಹೊಸ ತಂತ್ರಾಂಶ ‘ಗಾಳಿ: ಸೊನ್ನೆ’ ಎಂದಿತು. ಅದನ್ನು ನಂಬಿ ಕಡಲಿಗಿಳಿದ ಮೀನುಗಾರ ಸೂರ ಮರಕಾಲರ ದೋಣಿ ಮಗುಚಿತು. ಅವರು ಹೇಗೋ ಈಜಿ ದಡ ಸೇರಿದರು.

“ಗಾಳಿಯಿಲ್ಲವೆಂದು ನಿನಗೆ ಹೇಳಿದವರು ಯಾರು?” ಮೂಲೆಯಲ್ಲಿದ್ದ ಹಳೆಯ ತಂತ್ರಾಂಶ ಹೊಸದನ್ನು ಗದರಿತು.

“ಯಾರೂ ಏನೂ ಹೇಳಲಿಲ್ಲ, ಅದಕ್ಕೇ ಸೊನ್ನೆ ಹಾಕಿದೆ. ತಿಳಿಯದು ಎನ್ನಲು ನಾಚಿಕೆಯಾಗದೇ?”

“ನಾನೂ ಮೊದಲು ಸೊನ್ನೆಯನ್ನೇ ಹಾಕುತ್ತಿದ್ದೆ. ಒಬ್ಬ ಮುಳುಗಿ ಸತ್ತ ಮೇಲೆ ಬಿಟ್ಟೆ. ನನ್ನನ್ನು ಕಿತ್ತೆಸೆಯುವ ಮುನ್ನ, ಯಾಕೆ ಬಿಟ್ಟೆ ಎಂದು ನೀನಾಗಲಿ ಆ ಅಧಿಕಾರಿಗಳಾಗಲಿ, ಒಬ್ಬರಾದರೂ ಕೇಳಿದಿರಾ?”