ಗುಡ್ಡಪ್ಪ ಸರ್ವರ್ ಆರಿಸಿದ್ದು

ಉಸಿರೆಳೆದರೆ ಸೀನು ಬರುವ ಊರೊಂದಿತ್ತು. ಮೆಣಸಿನಕಾಯಿ ಪೇಟೆಯ ಊರು. ಅಲ್ಲಿ ಫಕ್ಕೀರವ್ವ ಎಂಬ ತಾಯಿ, ಗುಡ್ಡಪ್ಪ ಎಂಬ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ, ಅದೇ ಅವನ ರೋಗ. ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ತುತ್ತು ಹಾಕುವವರು ಯಾರು ಎಂಬುದೊಂದೇ ಫಕ್ಕೀರವ್ವನ ಚಿಂತೆ.

ಆ ಊರಿನ ಹೆಣ್ಣಾಳುಗಳು ದಿನವಿಡೀ ಕೂತು ಕಾಯಿ ಆರಿಸಿ ತೊಟ್ಟು ಮುರಿಯುತ್ತಾರೆ. ಕೈ ಉರಿ, ಕಣ್ಣು ಉರಿ. ಆಸ್ಪತ್ರೆಗೆ ಹೋಗಬೇಕಾದರೆ ಕಾರ್ಮಿಕರ ಕಾರ್ಡು ಬೇಕು. ಅದನ್ನು ಕೊಡುವ ಕಚೇರಿಗೆ ಹೋದರೆ ಒಂದೇ ಮಾತು: "ಸರ್ವರ್ ಇಲ್ಲ, ನಾಳೆ ಬಾ." ಚಹಾ ಕುಡಿಯಲು ಮಾತ್ರ ಕಚೇರಿಯವರಿಗೆ ಯಾವ ಸರ್ವರೂ ಬೇಕಿರಲಿಲ್ಲ.

ಕೊನೆಗೆ ಹೆಣ್ಣಾಳುಗಳ ಸಂಘದ ಅಧ್ಯಕ್ಷೆ ಮಾಬೂಬಿ ಹೇಳಿದಳು: "ಅರ್ಜಿ ನಾವ ತುಂಬೋಣು. ಸಂಘದಾಗ ಮೂರು ಕಂಪ್ಯೂಟರ್ ಅದಾವು. ಅವನ್ನ ಕೂಡಿಸಾಕ ಒಂದು ರೂಟರ್ ಬೇಕು, ಎಲ್ಲಾರ ಕಾಗದಪತ್ರ ಇಡಾಕ ಒಂದು ಸರ್ವರ್ ಬೇಕು. ಫಕ್ಕೀರವ್ವಕ್ಕಾ, ನಿನ್ನ ಮಗ ತರಲಿ. ನೆಟ್ಟಗ ತಂದ್ರ ಸಂಘದ ಕಚೇರಿ ಕೆಲಸ ಅವಗ."

ಫಕ್ಕೀರವ್ವ ಮಗನ ತಲೆ ಬಾಚಿ ಕಳಿಸಿದಳು.

"ಹೆಂಗ ಆರಿಸಲಿ ಅವ್ವಾ?"

"ಮೆಣಸಿನಕಾಯಿ ಆರಿಸಿದಂಗ ಆರಿಸೋ."

"ಹೂಂ ಅವ್ವಾ, ಹಂಗ ಮಾಡ್ತೀನಿ."

ಹೋದ. ಅಂಗಡಿಯ ರೂಟರುಗಳನ್ನೆಲ್ಲ ನೆಲಕ್ಕೆ ಸುರುವಿಕೊಂಡು ಕೂತ. ಬೆಳ್ಳಗಿನವನ್ನು ಆಚೆ ತಳ್ಳಿದ, ಕೆಂಪನೆಯದೊಂದನ್ನು ಎತ್ತಿಕೊಂಡ, ಕಿವಿಯ ಹತ್ತಿರ ಅಲುಗಾಡಿಸಿ ಬೀಜ ನೋಡಿದ. ಆಮೇಲೆ ಅದರ ನಾಲ್ಕೂ ಆಂಟೆನಾಗಳನ್ನು ಲಟಕ್ ಲಟಕ್ ಎಂದು ಮುರಿದು, ಬೋಳು ಡಬ್ಬಿ ತಂದುಕೊಟ್ಟ.

"ಕಡ್ಡಿ ಎಲ್ಲಿ ಹೋದುವೋ?"

"ತೊಟ್ಟು ಬಿಡಿಸೀನಿ ಅವ್ವಾ."

ಫಕ್ಕೀರವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಮಳ್ಳ ಮಗನ, ಅದರ ಜೀವಾನ ಆ ಕಡ್ಡಿಯೊಳಗ ಐತಿ. ಇನ್ನ ಮ್ಯಾಲ ಏನ ತಂದರೂ ಕಟ್ಟಿದ್ದು ಕಟ್ಟಿದಂಗ ಇರಲಿ. ಮುಟ್ಟಬ್ಯಾಡ."

"ಹೂಂ ಅವ್ವಾ, ಹಂಗ ಮಾಡ್ತೀನಿ."

ಇನ್ನೊಂದು ರೂಟರ್ ತಂದ. ಡಬ್ಬಿ ಬಿಚ್ಚಲಿಲ್ಲ. ಮೂಲೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಮೇಲೆ ತಾನೇ ಕೂತ. ಹೆಂಗಸರು ಕಂಪ್ಯೂಟರ್ ಮುಂದೆ ಕಾದೇ ಕಾದರು. ನೆಟ್ ಎಲ್ಲಿಂದ ಬರಬೇಕು?

"ರೂಟರ್ ಎಲ್ಲೋ ಗುಡ್ಡಪ್ಪಾ?"

"ನನ್ನ ಕೆಳಗೈತಿ. ಯಾರೂ ಮುಟ್ಟಬ್ಯಾಡ್ರಿ, ಅವ್ವ ಬೈತಾಳ."

ಫಕ್ಕೀರವ್ವ ಹಣೆ ಹಣೆ ಬಡಿದುಕೊಂಡಳು. "ಅಂಥಾದ್ದನ್ನ ಬಿಚ್ಚಬೇಕೋ. ಬಿಚ್ಚಿ, ಎತ್ತರದ ಮ್ಯಾಲ, ಗಾಳಿ ಆಡೋ ಹಂಗ ಇಡಬೇಕು."

"ಹೂಂ ಅವ್ವಾ, ಹಂಗ ಮಾಡ್ತೀನಿ."

ರೂಟರನ್ನು ಮಾಬೂಬಿಯೇ ಗೋಡೆಗೆ ಹಾಕಿದಳು. ಸರ್ವರ್ ತರುವ ಸರದಿ ಬಂತು. ಫಕ್ಕೀರವ್ವ ಕೈಗೊಂದು ಚೀಲ ಕೊಟ್ಟು, "ಇದರಾಗ ಹಿಡಿಯೋವಷ್ಟು ಸಾಕು" ಎಂದಳು. ಅಂಗಡಿಯವನು ಕಪಾಟಿನಷ್ಟು ದೊಡ್ಡದೊಂದನ್ನು ತೋರಿಸಿದ. "ಬ್ಯಾಂಕಿನವರು ಇದನ್ನೇ ಒಯ್ಯೋದು ತಮ್ಮಾ. ನಾಳೆ ನಿಮ್ಮ ಸಂಘ ಬೆಳೀತೈತಿ."

"ಸಂಘ ಬೆಳೀತೈತಿ ಸಾಹುಕಾರ್ರ, ಚೀಲ ಬೆಳ್ಯಾಂಗಿಲ್ಲ."

ಚೀಲಕ್ಕೆ ಹಿಡಿದದ್ದನ್ನೇ ತಂದ. ಮೂರು ಕಂಪ್ಯೂಟರಿಗೆ ಸರಿಯಾಗಿ ಸಾಲುವಂಥದು. ಫಕ್ಕೀರವ್ವನಿಗೆ ಹೋದ ಜೀವ ಬಂತು. ಅವಳು ಸಂತೆಗೆ ಹೋಗಿ ಬರುವಷ್ಟರಲ್ಲಿ ಸರ್ವರ್ ಮಾಳಿಗೆಯ ಮೇಲಿತ್ತು. ಸ್ಕ್ರೂ ಒಂದು ಕಡೆ, ಫ್ಯಾನು ಒಂದು ಕಡೆ, ಹಸಿರು ಹಲಗೆ ಒಂದು ಕಡೆ, ಗುಡ್ಡಪ್ಪ ಗೋಣಿತಟ್ಟಿನ ಮೇಲೆ ಸಾಲಾಗಿ ಒಣಹಾಕಿದ್ದ. ಕೋಲು ಹಿಡಿದು ಕಾಗೆ ಕಾಯುತ್ತಿದ್ದ.

"ಬಿಚ್ಚೀನಿ ಅವ್ವಾ. ಎತ್ತರ ಐತಿ. ಗಾಳೀನೂ ಚಲೋ ಐತಿ."

ಫಕ್ಕೀರವ್ವ ಹಣೆ ಬಡಿದುಕೊಳ್ಳಲೂ ಆಗದೆ ಅಲ್ಲೇ ಕೂತಳು. ಅಂಗಡಿಯ ಮೆಕ್ಯಾನಿಕ್ ಬಂದು ಎಲ್ಲ ಜೋಡಿಸಿದ. ಅವಳು ಅವನ ಕೈ ಹಿಡಿದು ಕೇಳಿದಳು: "ಅಣ್ಣಾ, ತಪ್ಪಾಕ ಆಗದಂಥಾ ಒಂದು ಮಾತು ಇವಗ ಹೇಳಿಕೊಡಪಾ."

"ಸರ್ವರ್ ಬರಲಿಲ್ಲ ಅಂದ್ರ ಬಂದ್ ಮಾಡು. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡು. ಅಷ್ಟ."

"ಹೂಂ ಅಣ್ಣಾ, ಹಂಗ ಮಾಡ್ತೀನಿ."

ಮರುದಿನ ಅರ್ಜಿಗಳೆಲ್ಲ ಹೋದವು, ವಾರ ಕಳೆದರೂ ಕಾರ್ಡು ಬರಲಿಲ್ಲ. ಮಾಬೂಬಿ ಕಾರ್ಡಿನ ಕಚೇರಿಗೆ ಫೋನು ಮಾಡಿದಳು. "ಸರ್ವರ್ ಇಲ್ಲ ಅಂತಾರ" ಎಂದು ಫೋನಿಟ್ಟಳು.

ಗುಡ್ಡಪ್ಪ ಎದ್ದ. ಸಂಘದ ಸಭೆಗಳಲ್ಲಿ ತಾಯಿಯ ತೊಡೆಯ ಮೇಲೆ ಬೆಳೆದವನು; ಬಂದ್ ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ. ನೇರ ಪೇಟೆಯ ನಡುವೆ ಹೋಗಿ ನಿಂತು ಕೂಗಿದ: "ಸರ್ವರ್ ಇಲ್ಲ. ಬಂದ್."

ಮೊದಲು ಯಾರು ಹೇಳುತ್ತಾರೆ ಎಂದು ಹೆಂಗಸರು ವರ್ಷಗಟ್ಟಲೆ ಕಾದಿದ್ದರು. ಸೆರಗು ಕೊಡವಿ ಎದ್ದರು. ಹಮಾಲರು ಚೀಲ ಇಳಿಸಿದರು. ತಕ್ಕಡಿ ನಿಂತಿತು. ದಲಾಲರು ಫೋನಿನ ಮೇಲೆ ಫೋನು ಮಾಡಿದರು. ಕಾರ್ಡಿನ ಕಚೇರಿಯ ಸಾಹೇಬರು ಜೀಪಿನಲ್ಲಿ ಓಡಿ ಬಂದರು.

"ಏನಮ್ಮಾ ಇದು?"

ಮಾಬೂಬಿಗೂ ಏನೂ ಗೊತ್ತಿರಲಿಲ್ಲ. ಆದರೆ ನಿಂತ ಪೇಟೆಯನ್ನು ನೋಡಿ ಅರೆಗಳಿಗೆಯಲ್ಲಿ ಅರಿತಳು. "ನಿಮ್ಮಲ್ಲಿ ಸರ್ವರ್ ಇಲ್ಲ, ಇಲ್ಲಿ ನಾವಿಲ್ಲ ಸಾಹೇಬ್ರ."

ಸಾಹೇಬರು ಬಂದ ದಾರಿಯಲ್ಲೇ ಹಿಂದಿರುಗಿದರು. ಇಲ್ಲದ ಸರ್ವರ್ ಬಂತು. ಸಂಜೆಯೊಳಗೆ ಕಾರ್ಡುಗಳೂ ಬಂದವು.

"ಅಕ್ಕಾ, ಮಗ ನಾಳಿಂದ ಸಂಘದ ಕಚೇರಿಗೆ ಬರಲಿ" ಎಂದಳು ಮಾಬೂಬಿ. ಫಕ್ಕೀರವ್ವ ಕಣ್ಣೊರೆಸಿಕೊಂಡಳು. ಮೆಣಸಿನಕಾಯಿ ಕೈ, ಕಣ್ಣೀರು ಇನ್ನಷ್ಟು ಬಂತು. ಹಾಗೆಯೇ ಮಗನನ್ನು ಹುಡುಕಿಕೊಂಡು ಹೋದಳು. ಅವನು ಪೇಟೆಯ ಗೋಡೆಯನ್ನು ಒಂದು ತುದಿಯಿಂದ ತಡವುತ್ತ ಬರುತ್ತಿದ್ದ.

"ಏನ್ ಹುಡುಕಾಕತ್ತೀಯೋ ನನ್ನಪ್ಪಾ?"

"ಬಂದ್ ಏನೋ ಮಾಡೀನಿ ಅವ್ವಾ. ಚಾಲೂ ಮಾಡೋ ಗುಂಡಿ ಎಲ್ಲೈತಿ?"