ಗದ್ದುಗೆಯ ಕಂಬಳಿ

ಶಿಷ್ಯನು ಕೇಳಿದನು: "ಗುರುಗಳೇ, ಎಂಥ ಚಳಿಗಾಲವಾದರೂ ಮುಗಿದು ವಸಂತ ಬರುತ್ತದೆ. ಕಷ್ಟದಲ್ಲಿರುವವನಿಗೆ ಈ ಒಂದು ಮಾತು ಹೇಳಿದರೆ ಸಾಲದೇ?"

ಗುರುಗಳು ಕತೆ ಹೇಳಿದರು.

ಒಬ್ಬ ಕಂಬಳಿ ನೇಯುವವನಿದ್ದನು. ಅವನ ತಮ್ಮ ಗುಡ್ಡದ ಮೇಲೆ ಕುರಿ ಕಾಯುತ್ತಿದ್ದನು. ಮಲಗುವುದೂ ಅಲ್ಲೇ, ಕುರಿಹಟ್ಟಿಯಲ್ಲೇ. ವರ್ಷದ ಮೊದಲ ಕಂಬಳಿಯನ್ನು ಯುಗಾದಿಯ ದಿನ ದೇವರ ಗದ್ದುಗೆಗೆ ಹಾಸುವುದು ಆ ಮನೆತನದ ಮುಡಿಪು. ಅಲ್ಲಿಯವರೆಗೆ ಅದನ್ನು ಯಾರೂ ಹೊದೆಯುವಂತಿಲ್ಲ. ಆ ವರ್ಷ ರೋಗ ಬಂದು ಅರ್ಧ ಮಂದೆ ಸತ್ತಿತು. ಸಿಕ್ಕ ಉಣ್ಣೆಗೆ ಒಂದೇ ಕಂಬಳಿಯಾಯಿತು.

ಮಾಗಿಯ ಚಳಿ ಬಿಗಿಯಿತು. ತಮ್ಮನ ಹಳೆಯ ಕಂಬಳಿ ಜರಡಿಯಾಗಿತ್ತು. ಎದೆಯಲ್ಲಿ ಕೆಮ್ಮು ಕೂತಿತ್ತು. ಅವನು ಇಳಿದು ಬಂದು ಮಗ್ಗದ ಬಳಿ ನಿಂತನು.

"ಅಣ್ಣಾ, ಆ ಕಂಬಳಿ ಕೊಡು. ಕತ್ತರಿಸಿದ ಉಣ್ಣೆ ಕುರಿಗಾದರೆ ಮತ್ತೆ ಬಂತು. ನನಗೆ ಬರುವುದಿಲ್ಲ, ಏನು ಮಾಡಲಿ?"

"ದೇವರದು ಕಣೋ ಅದು. ಹೊಂಗೆ ಎಲೆ ಉದುರಿಸಿದ್ದು ನೋಡಲಿಲ್ಲವೇ? ಇನ್ನೇನು ಚಿಗುರುತ್ತದೆ. ಚಳಿ ತಾನಾಗಿ ಹೋಗುತ್ತದೆ."

"ಹಾಗಾದರೆ ಹೊಂಗೆಗೇ ಹೇಳು, ಸ್ವಲ್ಪ ಬೇಗ ಚಿಗುರು ಅಂತ."

ಇಬ್ಬರೂ ನಕ್ಕರು. ನಗು ಕೆಮ್ಮಾಯಿತು. ತಮ್ಮ ಬರಿಗೈಯಲ್ಲಿ ಗುಡ್ಡ ಹತ್ತಿದನು. ಅಣ್ಣ ಒಮ್ಮೆ ಎದ್ದು ಕಂಬಳಿಯ ಮೇಲೆ ಕೈಯಿಟ್ಟನು. ಮಡಿಕೆ ಬಿಚ್ಚಲು ಧೈರ್ಯ ಬರಲಿಲ್ಲ. ಕೈ ತೆಗೆದನು.

ಅಂದಿನಿಂದ ಅವನು ದಿನವೂ ಹೊಂಗೆಯ ಮರ ನೋಡುತ್ತಿದ್ದನು. ಒಂದು ಬೆಳಿಗ್ಗೆ ತಮ್ಮನಿಗೆ ರೊಟ್ಟಿ ಒಯ್ಯುವಾಗ ಕೊಂಬೆಯ ತುದಿಯಲ್ಲಿ ಚಿಗುರು ಕಂಡಿತು. ಎಲ್ಲೋ ಕೋಗಿಲೆಯೂ ಕೂಗಿತು. ಅವನ ಎದೆಯ ಭಾರ ಇಳಿಯಿತು. ಬಿರಬಿರನೆ ಗುಡ್ಡ ಹತ್ತಿದನು. ಹಟ್ಟಿಯ ಹೊರಗಿನಿಂದಲೇ ಕೂಗಿದನು: "ಲೋ, ಏಳೋ! ಚಿಗುರಿತು!"

ತಮ್ಮ ಎರಡು ಕುರಿಗಳ ನಡುವೆ ಮುದುಡಿ ಮಲಗಿದ್ದನು. ಕುರಿಗಳು ಎದ್ದವು. ಅವನು ಏಳಲಿಲ್ಲ.

ಯುಗಾದಿ ಬಂತು. ಕಂಬಳಿ ಗದ್ದುಗೆಯೇರಿತು. ನೇಯ್ಗೆ ಚೆನ್ನಾಗಿದೆಯೆಂದು ಹಿರಿಯರು ಹೊಗಳಿದರು. ಅಣ್ಣ ಬಿಸಿಲಲ್ಲಿ ಕೂತು ಬೆವರುತ್ತಿದ್ದನು. ಪೂಜಾರಿ ಅವನ ಬೆನ್ನು ಸವರಿ ಹೇಳಿದನು: "ದುಃಖವೂ ಚಳಿಯ ಹಾಗೆ, ಅಪ್ಪಾ. ತಾನಾಗಿ ಹೋಗುತ್ತದೆ."

ಅಣ್ಣ ಅವನ ಮುಖ ನೋಡಿದನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ಹಾಗಾದರೆ ಅಣ್ಣ ಹೇಳಿದ್ದು ಸುಳ್ಳೇ?"

"ಸುಳ್ಳಲ್ಲ. ವಸಂತ ಬಂತಲ್ಲ," ಎಂದರು ಗುರುಗಳು. "ನೀನು ಇವತ್ತು ಯಾರಿಗೆ ಹಾಗೆ ಹೇಳಿ ಬಂದೆ?"